ವ್ರತದ ಅಡಿಗೆಯೂ ಒರಳುಕಲ್ಲೂ

ಗೋವೆಯ ಇನ್‌ಕ್ವಿಸಿಷನ್ ನ್ಯಾಯಪೀಠವು, ಮತಾಂತರ ಹೊಂದಿದವರ ಮನೆಗಳಲ್ಲಿ ತಲೆಮಾರುಗಳು ಕಳೆದರೂ ಉಳಿದುಬಂದಿದ್ದ ಪೂರ್ವಾಚಾರಗಳನ್ನು ನಿರ್ಮೂಲ ಮಾಡುವ ಉದ್ದೇಶದಿಂದ 1736ರಲ್ಲಿ ಹೊರಡಿಸಿದ ಸುದೀರ್ಘವಾದ ನಿಷೇಧಾಜ್ಞೆಯಲ್ಲಿ, ಗಂಡಸರು ಧೋತರ ಉಡಬಾರದು, ಮನೆಯಂಗಳದಲ್ಲಿ ತುಳಸಿಯನ್ನು ನೆಡಬಾರದು, ಮದುವೆಗಳಲ್ಲಿ ಓವಿ ಹಾಡಬಾರದು ಎಂಬ ವಿಧಿಗಳ ನಡುವೆ, ಹಿಂದುಗಳಂತೆ ಅನ್ನವನ್ನು ಉಪ್ಪಿಲ್ಲದೆ ಬೇಯಿಸಿ ಆಮೇಲೆ ಉಪ್ಪು ಬೆರೆಸಿಕೊಳ್ಳಬಾರದು ಎಂಬುದೂ ಒಂದಾಗಿದ್ದಿತು. ಅನ್ನವನ್ನು ಸಪ್ಪೆಯಾಗಿಯೇ ಇಳಿಸಿ, ಎಲೆಯ ತುದಿಯಲ್ಲಿ ಮೊದಲು ಉಪ್ಪನ್ನೇ ಬಡಿಸುವ ಪದ್ಧತಿಯನ್ನು ಇಂದಿಗೂ ನಮ್ಮ ಪಂಕ್ತಿಗಳಲ್ಲಿ ಕಾಣುವ ನಮಗೆ, ಒಂದು ಚಿಟಿಕೆ ಉಪ್ಪು ಬೀಳುವ ಹೊತ್ತನ್ನು ಹಿಡಿದು ಮನುಷ್ಯನ ಮತವನ್ನು ನಿರ್ಣಯಿಸಹೊರಟ ಆ ನ್ಯಾಯಾಧೀಶರ ಸೂಕ್ಷ್ಮದೃಷ್ಟಿಯನ್ನು ಕಂಡು ನಗು ಬರಬಹುದು. ಆದರೆ ಊಟದ ಕಟ್ಟುಪಾಡು ಎಷ್ಟು ಆಳಕ್ಕೆ ಬೇರುಬಿಟ್ಟಿರುತ್ತದೆಂಬುದನ್ನು ಅವರು ಸರಿಯಾಗಿಯೇ ಅರಿತಿದ್ದರು.

ಗೋವೆಯ ಸಾಷ್ಟಿ ಪ್ರಾಂತದ ದಕ್ಷಿಣಭಾಗದಲ್ಲಿರುವ ಕುಂಕಳ್ಳಿಗೆ ಈ ಬಗೆಯ ನಿರ್ಬಂಧಗಳ ಪರಿಚಯ ಇನ್ನೂ ಮುಂಚೆಯೇ ಆಗಿದ್ದಿತು. 1543ರಲ್ಲಿ ಸಾಷ್ಟಿಯು ಪೋರ್ತುಗೀಜರ ವಶವಾದ ಮೇಲೆ ದೇವಾಲಯಗಳು ಒಂದೊಂದಾಗಿ ಬೀಳತೊಡಗಿದಾಗ, ಅದನ್ನು ಸಹಿಸದ ಇಲ್ಲಿಯ ಗಾಂವಕಾರರು 1583ರ ಜುಲೈ 15ರಂದು, ಅಕ್ಬರನ ಆಸ್ಥಾನದಿಂದ ಆಗತಾನೆ ಹಿಂದಿರುಗಿದ್ದ ರೊಡೊಲ್ಫೊ ಅಕ್ವಾವೀವಾ ಮೊದಲಾದ ಐವರು ಜೆಸ್ವಿಟರನ್ನು ಕೊಂದರು. ಅದರ ಪ್ರತೀಕಾರವಾಗಿ, ಸಂಧಾನದ ನೆಪದಲ್ಲಿ ಅಸೋಳ್ಣೆಯ ಕೋಟೆಗೆ ಕರೆಸಲ್ಪಟ್ಟ ಊರ ಮುಖಂಡರು ಅಲ್ಲಿಯೇ ಹತರಾದರು. ಗ್ರಾಮದೇವತೆಯಾದ ಶಾಂತಾದುರ್ಗೆಯು ಅಂದಿನ್ನೂ ಪೋರ್ತುಗೀಜರ ಕೈಗೆ ಸಿಕ್ಕದಿದ್ದ ಫಾತರ್ಪೆಗೆ ಹೋಗಿ ನೆಲೆಸಿದಳು. ಶಿಗ್ಮೊ ಹಬ್ಬದ ಕಾಲದಲ್ಲಿ ದೇವಿಯ ಉತ್ಸವಕ್ಕೆಂದು ಊರಿನ ಹನ್ನೆರಡು ವಂಶಗಳ ಹೆಸರಿನಲ್ಲಿ ಛತ್ರಿಗಳನ್ನು ಹಿಡಿದು ಹೊರಡುವ ಮೆರವಣಿಗೆಯಲ್ಲಿ ಕ್ರೈಸ್ತರಾದ ವಂಶಜರೂ ಭಾಗಿಗಳಾಗುವುದನ್ನು ನೋಡಿದರೆ, ಮತವು ಬದಲಾದ ಮಾತ್ರಕ್ಕೆ ಮನೆತನದ ನೆನಪು ಬದಲಾಗಲಿಲ್ಲವೆಂಬುದು ತಿಳಿಯುತ್ತದೆ. ಊರು ಬಿಟ್ಟವರಲ್ಲಿ ಹಲವರು, ವಿಶೇಷವಾಗಿ ಸಾರಸ್ವತರು, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳಗಳನ್ನು ದಾಟಿ ಮಂಗಳೂರಿನವರೆಗೂ ಕರಾವಳಿಯನ್ನು ಹಿಡಿದು ಇಳಿದುಬಂದರು.

ಉಳಿದವರ ಮತ್ತು ಹೊರಟವರ ಎರಡೂ ಬಗೆಯ ಅಡಿಗೆಮನೆಗಳಿಗೆ ಸಾಮಾನ್ಯವಾಗಿ ಉಳಿದ ಉಪಕರಣವೆಂದರೆ ಕೊಂಕಣಿಗರು ರಗ್ಡೊ ಎಂದೂ ಕರಾವಳಿಯ ಕನ್ನಡಿಗರು ಕಡೆಯುವ ಕಲ್ಲೆಂದೂ ಘಟ್ಟದ ಮೇಲಿನವರು ಒರಳುಕಲ್ಲೆಂದೂ ಕರೆಯುವ, ನಡುವೆ ಕುಳಿಯುಳ್ಳ ಕಪ್ಪುಕಲ್ಲು ಮತ್ತು ಅದರೊಳಗೆ ತಿರುಗುವ ಗುಂಡು. ಶುಕ್ರವಾರ ಮಾಂಸವನ್ನು ಬಿಡುವ ಕ್ರೈಸ್ತರ ಮನೆಯಲ್ಲಿ ಮೀನಿನ ಸಾರಿಗೂ, ಏಕಾದಶಿಯ ಮರುದಿನದ ಪಾರಣೆಗೆ ಹಿಂದುಗಳ ಮನೆಯಲ್ಲಿ ಹೆಸರುಬೇಳೆಯ ತೊವ್ವೆಗೂ ಕಾಯಿ ಅರೆಯಲೇಬೇಕಾಗಿದ್ದಿತು. ಬಿಡಬೇಕಾದ ಪದಾರ್ಥಗಳು ಹೆಚ್ಚಿದಷ್ಟೂ ಈ ಕಲ್ಲಿನ ಕೆಲಸವೂ ಹೆಚ್ಚುತ್ತಿದ್ದಿತೆಂಬುದು, ಪಥ್ಯದ ಊಟವೆಂದರೆ ಶ್ರಮ ಕಡಮೆಯಾದ ಊಟವೆಂದು ಭಾವಿಸುವವರ ಗಮನಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನವು ಚಾತುರ್ಮಾಸ್ಯದ ಅಡಿಗೆಯೇ. ಕುಂಕಳ್ಳಿಗೆ ದಕ್ಷಿಣದಲ್ಲಿ ಕಾಣಕೋಣದ ಪರ್ತಗಾಳಿಯಲ್ಲಿ ನೆಲೆಗೊಂಡಿರುವ, 1475ರಲ್ಲಿ ಪ್ರಾರಂಭವಾಯಿತೆಂದು ಹೇಳುವ ಸಾರಸ್ವತ ವೈಷ್ಣವರ ಮಠವು ಉಡುಪಿಯ ಪಲಿಮಾರು ಮಠದ ಪರಂಪರೆಯಿಂದ ಕವಲೊಡೆದುದಾದ ಕಾರಣ, ಗೋವೆಯ ಈ ಅಂಚಿಗೂ ಉಡುಪಿಯ ಪಾಕಶಾಲೆಗೂ ವ್ರತದ ಮೂಲಕ ನೇರವಾದ ಸಂಬಂಧವುಂಟು. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯ ವರೆಗಿನ ನಾಲ್ಕು ತಿಂಗಳುಗಳಲ್ಲಿ ಮೊದಲನೆಯದರಲ್ಲಿ ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳಧಾನ್ಯ ವರ್ಜ್ಯ. ಶಾಕವ್ರತದಲ್ಲಿ ತರಕಾರಿ ಮಾತ್ರವಲ್ಲದೆ ಕರಿಬೇವು, ಹುಣಿಸೆ, ಮೆಣಸಿನಕಾಯಿಗಳೂ ಅಡಿಗೆಮನೆಯಿಂದ ಹೊರಗುಳಿಯುತ್ತವೆ. ಮಠದಿಂದ ಮಠಕ್ಕೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಸಾರಾಂಶವಿದು. ಅಮೆರಿಕೆಯಿಂದ ಪೋರ್ತುಗೀಜರ ಹಡಗುಗಳಲ್ಲಿ ಬಂದ ಮೆಣಸಿನಕಾಯಿಯು ನಮ್ಮ ಸಾರನ್ನೂ ಗೊಜ್ಜನ್ನೂ ಸಂಪೂರ್ಣವಾಗಿ ಆಕ್ರಮಿಸಿದ್ದರೂ, ವರ್ಷದಲ್ಲಿ ಒಂದು ತಿಂಗಳು ಮಾತ್ರ ಕಾಳುಮೆಣಸು ತನ್ನ ಹಳೆಯ ಸಿಂಹಾಸನವನ್ನು ಮರಳಿ ಏರುತ್ತದೆ.

ಕಾಯಿಪಲ್ಯವಿಲ್ಲದೆ, ಹುಳಿಗೆ ಹುಣಿಸೆಯಿಲ್ಲದೆ ಒಂದು ತಿಂಗಳ ಊಟವನ್ನು ರುಚಿಗೆಡದಂತೆ ನಡೆಯಿಸುವ ಉಪಾಯವು ಒರಳಿನಲ್ಲಿತ್ತು. ಹುರಿದ ಹೆಸರುಬೇಳೆಯನ್ನೂ ಕಾಳುಮೆಣಸನ್ನೂ ಮೊದಲು ಒಣಗಾಗಿಯೇ ತರಿತರಿಯಾಗಿ ಅರೆದು, ಅನಂತರ ಕಾಯಿತುರಿಯನ್ನು ಹಿಡಿಹಿಡಿಯಾಗಿ ಸೇರಿಸಿ, ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯ ತಿರುಳನ್ನು ಹುಳಿಗಾಗಿ ಬೆರೆಸಿ, ಬೆರಳತುದಿಯಿಂದ ನೀರು ಚಿಮುಕಿಸುತ್ತ, ಬಲಗೈಯಿಂದ ಗುಂಡನ್ನು ತಿರುಗಿಸುತ್ತ, ಅಂಚಿಗೆ ಏರಿದ ಮುದ್ದೆಯನ್ನು ಎಡಗೈಯಿಂದ ಕುಳಿಗೆ ನೂಕುತ್ತ, ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದಾಗ ತರಿ ತಾಗದಿರುವ ಹದಕ್ಕೆ ತಂದರೆ, ಕುದಿಸುವಾಗ ಸಾರಿಗೆ ತಾನಾಗಿಯೇ ದಪ್ಪ ಬರುತ್ತಿದ್ದಿತು. ನೀರು ಮೊದಲೇ ಹೆಚ್ಚಾದರೆ ಗುಂಡು ಜಾರಿ ಕಾಯಿ ತೇಲುತ್ತದೆ. ಕಡಮೆಯಾದರೆ ಗುಂಡು ಕಚ್ಚಿಕೊಳ್ಳುತ್ತದೆ. ಹಾಲು ವರ್ಜ್ಯವಾದ ತಿಂಗಳಲ್ಲಿ ಪಾಯಸಕ್ಕೆ ಕಾಯಿಹಾಲನ್ನು ಹಿಂಡುವುದಕ್ಕೂ, ಬೇಳೆ ವರ್ಜ್ಯವಾದ ತಿಂಗಳಲ್ಲಿ ಗೆಡ್ಡೆಗಳ ಹುಳಿಗೆ ಮೈ ಕೊಡುವುದಕ್ಕೂ ಇದೇ ಕಲ್ಲು ಗತಿ. ನಾಲಗೆಗೆ ನಿಷಿದ್ಧವಾದುದರ ಕೊರತೆಯನ್ನು ತೋಳು ತುಂಬಿಕೊಡಬೇಕಾಗಿದ್ದಿತು.

ಆ ತೋಳು ಯಾರದೆಂಬುದನ್ನು ವ್ರತಮಹಿಮೆಯನ್ನು ಬರೆದವರು ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಮಠಗಳಲ್ಲಿ ಅಡಿಗೆಯವರು ಗಂಡಸರೇ. ಆದರೆ ಮನೆಗಳಲ್ಲಿ, ಬೆಳಗಿನ ಜಾವಕ್ಕೆ ಸ್ನಾನ ಮಾಡಿ ಮಡಿಯುಟ್ಟು, ಆ ಮಡಿಯಲ್ಲಿಯೇ ನೀರು ಸೇದಿ, ಮಡಿಯ ಒರಳಿನ ಮುಂದೆ ಕುಳಿತುಕೊಳ್ಳುತ್ತಿದ್ದವಳು ಬಹುಮಟ್ಟಿಗೆ ಮನೆಯ ವಿಧವೆಯಾದ ಅತ್ತೆಯೋ ಸೋದರತ್ತೆಯೋ ಆಗಿರುತ್ತಿದ್ದಳು. ಒಪ್ಪೊತ್ತಿನ ಊಟದ ನಿಯಮವನ್ನು ಜೀವಮಾನವಿಡೀ ಹೊತ್ತವಳು, ಇತರರ ನಾಲ್ಕು ತಿಂಗಳ ನಿಯಮಕ್ಕೆ ರುಚಿಯನ್ನು ಒದಗಿಸುತ್ತಿದ್ದಳು. ಧರ್ಮಶಾಸ್ತ್ರವು ಪುಣ್ಯವನ್ನು ಹಂಚುವಾಗ ಅರೆದವಳಿಗೆ ಎಷ್ಟು ಪಾಲು ಕೊಟ್ಟಿತೋ, ಬಲ್ಲವರು ಹೇಳಬೇಕು.

ಅರೆಯುವ ಕಲ್ಲಿನ ಜೊತೆಗಾತಿಯಾದ ಬೀಸುವ ಕಲ್ಲು ಹಿಟ್ಟಿನ ಗಿರಣಿಗಳು ಬಂದ ಮೇಲೆ ಬಹುಬೇಗ ಮೂಲೆ ಸೇರಿದರೂ, ಉಪವಾಸದ ದಿನಗಳಲ್ಲಿ ಮಾತ್ರ ಮತ್ತೆ ನಡುಮನೆಗೆ ಬರುತ್ತಿದ್ದಿತು. ಗಿರಣಿಯ ಕಲ್ಲಿನಲ್ಲಿ ಹಿಂದಿನವರ ಗೋಧಿಯೋ ಕಡಲೆಯೋ ಉಳಿದಿರುತ್ತದೆ, ಏಕಾದಶಿಯ ಫಲಾಹಾರಕ್ಕೆ ಧಾನ್ಯದ ಸೋಂಕು ತಗುಲುತ್ತದೆ ಎಂಬುದು ಹಳಬರ ಆಕ್ಷೇಪ. ಇದನ್ನು ಮಡಿಹುಚ್ಚೆಂದು ನಕ್ಕವರು ಅನೇಕರು. ಆದರೆ 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಘೋರ ಕ್ಷಾಮ ಬಿದ್ದು ರೊಟ್ಟಿ ಸಿಕ್ಕದಂತಾದಾಗ, ಬಹುಕಾಲದಿಂದ ಹೊಟ್ಟೆಯ ಬೇನೆಯಿಂದ ಸೊರಗಿದ್ದ ಕೆಲವು ಮಕ್ಕಳು ಚೇತರಿಸಿಕೊಂಡುದನ್ನು ಗಮನಿಸಿದ ಮಕ್ಕಳ ವೈದ್ಯ ವಿಲೆಮ್ ಡಿಕೆ, ಗೋಧಿಯೇ ಆ ರೋಗಿಗಳಿಗೆ ವಿಷವೆಂಬ ತನ್ನ ಹಿಂದಿನ ಊಹೆಯನ್ನು ದೃಢಪಡಿಸಿಕೊಂಡು 1950ರಲ್ಲಿ ಪ್ರಬಂಧವಾಗಿ ಮಂಡಿಸಿದನು. ಸೀಲಿಯಾಕ್ ಎಂಬ ಆ ವ್ಯಾಧಿಯುಳ್ಳವರಿಗೆ, ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿದ ಜೋಳದ ಹಿಟ್ಟನ್ನೂ ರಾಗಿಯ ಹಿಟ್ಟನ್ನೂ ತಿನ್ನಬೇಡಿರೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಕಾರಣ ಬೇರೆ, ಎಚ್ಚರಿಕೆ ಮಾತ್ರ ಅದೇ; ಇಂಥ ಮನೆಗಳಲ್ಲಿ ಈಗ ಪುಟ್ಟದೊಂದು ವಿದ್ಯುತ್ ಬೀಸುಯಂತ್ರವು ಅಜ್ಜಿಯ ಕಲ್ಲಿನ ಸ್ಥಾನದಲ್ಲಿ ಕುಳಿತಿದೆ.

ಯಂತ್ರಗಳ ಕಥೆ ಚಿಕ್ಕದು. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಒರಳಿಗೆ ಮೋಟಾರನ್ನು ಜೋಡಿಸಿದಾಗ ಕಲ್ಲು ಕಲ್ಲಾಗಿಯೇ ಉಳಿಯಿತು, ತೋಳಿಗೆ ಮಾತ್ರ ಬಿಡುವು ದೊರೆಯಿತು. 1963ರಲ್ಲಿ ಸತ್ಯಪ್ರಕಾಶ ಮಾಥುರರು ಸುಮೀತ್ ಮಿಕ್ಸಿಯನ್ನು ಮಾರುಕಟ್ಟೆಗೆ ತಂದ ಮೇಲೆ ಕಲ್ಲೂ ಹೋಗಿ ಅಲಗು ಬಂದಿತು. ಅಲಗು ಕತ್ತರಿಸುತ್ತದೆಯೇ ಹೊರತು ಜಜ್ಜುವುದಿಲ್ಲ. ಹೆಚ್ಚು ಹೊತ್ತು ತಿರುಗಿದರೆ ಕಾಯಿ ಬಿಸಿಯಾಗಿ ಎಣ್ಣೆ ಬಿಡುತ್ತದೆಂದು ಹಿರಿಯರು ಗೊಣಗಿದರು, ಗೊಣಗುತ್ತಲೇ ಉಂಡರು. ಉಳಿಯನ್ನು ಹಿಡಿದು ಊರೂರು ಅಲೆದು ಸವೆದ ಕಲ್ಲಿಗೆ ಕಕ್ಕು ಹಾಕುತ್ತಿದ್ದ ಕಲ್ಲೊಡ್ಡರ ಕೂಗು ಬೀದಿಗಳಿಂದ ಮರೆಯಾಯಿತು. ಈ ಬದಲಾವಣೆಯಲ್ಲಿ ಅನ್ನವನ್ನೇ ಕಳೆದುಕೊಂಡವರು ಅವರು. ಮಡಿಯ ಪ್ರಶ್ನೆಯಂತೂ ವಾದವಿವಾದಗಳಿಗೆ ಎಡೆಗೊಟ್ಟು, ಕಟ್ಟಕಡೆಗೆ ಹೆಂಗಸರೇ ಕಂಡುಕೊಂಡ ಒಂದು ರಾಜಿಯಲ್ಲಿ ಬಗೆಹರಿಯಿತು: ಮೋಟಾರು ಎಲ್ಲರಿಗೂ ಒಂದೇ, ನೀರುಳ್ಳಿ ಬೆಳ್ಳುಳ್ಳಿ ತಗುಲದ ಜಾರು ಮಾತ್ರ ಬೇರೆ, ಅದನ್ನು ತೊಳೆದು ಕವುಚಿಡುವ ಗೂಡೂ ಬೇರೆ.