ವ್ಯೋಮಯಾನಿಯ ರಾಜಕೀಯ ಜೀವನ: ಜಾನ್ ಗ್ಲೆನ್

1998ನೆಯ ಇಸವಿ ಮೇ 11 ಮತ್ತು 13ರಂದು ಭಾರತವು ಪೋಖರಣ್‌ನಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿದಾಗ, ಅಮೆರಿಕ ಸಂಯುಕ್ತ ಸಂಸ್ಥಾನವು ನಮ್ಮ ಮೇಲೆ ವಿಧಿಸಿದ ನಿರ್ಬಂಧಗಳಿಗೆ ಆಧಾರವಾದ ಶಾಸನವು ‘ಗ್ಲೆನ್ ತಿದ್ದುಪಡಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಗ್ಲೆನ್ನನೂ, 1962ರಲ್ಲಿ ಭೂಮಿಯನ್ನು ಪ್ರದಕ್ಷಿಣೆ ಮಾಡಿದ ಮೊದಲ ಅಮೆರಿಕನ್ನನೂ ಒಬ್ಬನೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಗಮನಿಸಿದಂತಿಲ್ಲ. ವ್ಯೋಮಯಾನದ ಕೀರ್ತಿಯೇ ಆತನನ್ನು ಸೆನೆಟ್ ಸಭೆಗೆ ಒಯ್ದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ಮಾತು ನಿಲ್ಲದೆಂಬುದು ನಮ್ಮ ಅಭಿಪ್ರಾಯ.

ಗ್ಲೆನ್ನನು 1921ರಲ್ಲಿ ಒಹಾಯೋ ಸಂಸ್ಥಾನದಲ್ಲಿ ಜನಿಸಿದನು. ಮೆರೈನ್ ದಳದ ವಿಮಾನಚಾಲಕನಾಗಿ ಎರಡನೆಯ ಮಹಾಯುದ್ಧದಲ್ಲಿ 59 ಬಾರಿಯೂ ಕೊರಿಯಾ ಯುದ್ಧದಲ್ಲಿ 90 ಬಾರಿಯೂ ಯುದ್ಧವಿಮಾನವನ್ನು ನಡೆಸಿದನು. 1953ರ ಜುಲೈ ತಿಂಗಳಿನಲ್ಲಿ ಮೂರು ಮಿಗ್ ವಿಮಾನಗಳನ್ನು ಹೊಡೆದುರುಳಿಸಿದನು. 1959ರಲ್ಲಿ ಆಯ್ಕೆಯಾದ ಏಳು ಮಂದಿ ವ್ಯೋಮಯಾನಿಗಳಲ್ಲಿ ಈತನೂ ಒಬ್ಬ. 1962ರ ಫೆಬ್ರವರಿ 20ರಂದು ‘ಫ್ರೆಂಡ್‌ಶಿಪ್ 7’ ನೌಕೆಯಲ್ಲಿ ಕುಳಿತು, ಐದು ಗಂಟೆಗಳಿಗೆ ಸ್ವಲ್ಪ ಕಡಿಮೆಯ ಅವಧಿಯಲ್ಲಿ ಭೂಮಿಯನ್ನು ಮೂರು ಬಾರಿ ಸುತ್ತಿಬಂದನು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಸ್ವಯಂಚಾಲಿತ ನಿಯಂತ್ರಣವು ಕೆಟ್ಟುದರಿಂದ ನೌಕೆಯನ್ನು ಕೈಯಿಂದಲೇ ನಡೆಸಬೇಕಾಯಿತು. ಶಾಖರಕ್ಷಾಕವಚವು ಸಡಿಲಗೊಂಡಿದೆ ಎಂಬ ಸೂಚನೆಯೂ ಬಂದಿತು. ಅದು ಕೆಟ್ಟ ಸ್ವಿಚ್ಚೊಂದು ಕೊಟ್ಟ ಸುಳ್ಳು ಸೂಚನೆಯೆಂದು ತಿಳಿದುದು ಅನಂತರ. ಇವೆಲ್ಲ ಬಲ್ಲ ಸಂಗತಿಗಳೇ ಆದುದರಿಂದ ವಿಸ್ತರಿಸುವುದಿಲ್ಲ.

ನಮಗೆ ಮುಖ್ಯವಾದುದು ಅನಂತರದ ಹತ್ತು ವರ್ಷಗಳು. 1964ರ ಜನವರಿಯಲ್ಲಿ ಗ್ಲೆನ್ನನು ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಲು ಬಯಸಿ, ಅದೇ ಪಕ್ಷದ ಹಾಲಿ ಸೆನೆಟರನಾಗಿದ್ದ ಸ್ಟೀಫನ್ ಯಂಗನಿಗೆ ಎದುರಾಗಿ ನಿಂತನು. ಆತನ ಕೀರ್ತಿಯು ತುತ್ತತುದಿಯಲ್ಲಿದ್ದ ಕಾಲವದು. ಆದರೆ ಮರುತಿಂಗಳೇ ಸ್ನಾನಗೃಹದಲ್ಲಿ ಬಿದ್ದು ಒಳಕಿವಿಗೆ ಪೆಟ್ಟಾಗಿ, ಸ್ಪರ್ಧೆಯಿಂದ ಹಿಂದೆಗೆಯಬೇಕಾಯಿತು. 149 ಬಾರಿ ರಣರಂಗದ ಮೇಲೆ ಹಾರಿ ಹಿಂತಿರುಗಿದವನನ್ನು ಮನೆಯ ಜಾರುನೆಲವು ಸೋಲಿಸಿತು! 1970ರಲ್ಲಿ ಆತನು ಎರಡನೆಯ ಸಲ ಯತ್ನಿಸಿದನು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಹೋವರ್ಡ್ ಮೆಟ್ಜೆನ್‌ಬಾಮ್ ಎಂಬ ಧನಿಕನು ಆತನನ್ನು ಅಲ್ಪ ಅಂತರದಿಂದ ಸೋಲಿಸಿದನು. ಮೆಟ್ಜೆನ್‌ಬಾಮನು ದೂರದರ್ಶನದ ಪ್ರಚಾರಕ್ಕೆ ಧಾರಾಳವಾಗಿ ವೆಚ್ಚಮಾಡಿದನು. ಗ್ಲೆನ್ನನ ಬಳಿ ಹಣವೂ ಇರಲಿಲ್ಲ, ಪಕ್ಷದ ಕಾರ್ಯಕರ್ತರ ಬೆಂಬಲವೂ ಇರಲಿಲ್ಲ, ಹೆಸರೊಂದಿತ್ತು. ಹೆಸರೊಂದೇ ಸಾಲದೆಂಬುದಕ್ಕೆ ಈ ಸೋಲಿಗಿಂತ ಸ್ಪಷ್ಟವಾದ ಪ್ರಮಾಣವು ಬೇಕಿಲ್ಲ.

1974ರಲ್ಲಿ ಅದೇ ಎದುರಾಳಿಯನ್ನು ಆತನು ಸೋಲಿಸಿದನು. ಆ ನಾಲ್ಕು ವರ್ಷಗಳಲ್ಲಿ ಒಹಾಯೋದ ಊರೂರುಗಳಲ್ಲಿ ಪಕ್ಷದ ಸಭೆಗಳಿಗೆ ಹೋಗಿ ಸ್ನೇಹ ಸಂಪಾದಿಸಿದ್ದುದು ಇದಕ್ಕೆ ಒಂದು ಕಾರಣ. ಇನ್ನೊಂದನ್ನು ಎದುರಾಳಿಯೇ ಒದಗಿಸಿದನು. ಗ್ಲೆನ್ನನು ಎಂದೂ ಉದ್ಯೋಗ ಮಾಡಿದವನಲ್ಲ ಎಂಬರ್ಥದ ಮೂದಲಿಕೆಯನ್ನು ಆ ಪಕ್ಷದವರು ಹಬ್ಬಿಸಿದ್ದರು. ಕ್ಲೀವ್‌ಲೆಂಡ್ ನಗರದಲ್ಲಿ ನಡೆದ ವಾದದಲ್ಲಿ ಗ್ಲೆನ್ನನು ಅದಕ್ಕೆ ಉತ್ತರ ಕೊಟ್ಟನು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೂ ಆಸ್ಪತ್ರೆಗಳಲ್ಲಿದ್ದ ಗಾಯಾಳು ಸೈನಿಕರನ್ನೂ ಕುರಿತು, ಅವರೆದುರಿಗೆ ಹೋಗಿ ಇದೇ ಮಾತನ್ನು ಆಡಬಲ್ಲಿರಾ ಎಂದು ಕೇಳಿದನು. ಮತದಾರರಿಗೆ ನಾಟಿದುದು ಸೈನಿಕನ ಮಾತೇ ಹೊರತು ವ್ಯೋಮಯಾನಿಯ ಕೀರ್ತಿಯಲ್ಲ ಎಂದು ನಾವು ಭಾವಿಸುತ್ತೇವೆ. ಹೀಗೆ ಪ್ರವೇಶಿಸಿದ ಸೆನೆಟ್ಟಿನಲ್ಲಿ ಆತನು 1999ರ ಜನವರಿಯವರೆಗೆ ಇದ್ದನು. 1984ರ ಅಧ್ಯಕ್ಷ ಪದವಿಗಾಗಿ ಮಾಡಿದ ಯತ್ನ ಮಾತ್ರ ಸಾಲದ ಹೊರೆಯಲ್ಲಿ ಮುಗಿಯಿತು. ಮೊದಲ ವ್ಯೋಮಯಾನಿಗಳನ್ನು ಕುರಿತ ಚಲನಚಿತ್ರವು ಆ ವೇಳೆಗೆ ತೆರೆಕಂಡಿದ್ದರೂ ಪ್ರಯೋಜನವಾಗಲಿಲ್ಲ.

ಶಾಸನಕರ್ತನಾಗಿ ಗ್ಲೆನ್ನನು ಹಿಡಿದುದು ಜನಪ್ರಿಯವಲ್ಲದ, ಶುಷ್ಕವಾದ ವಿಷಯವನ್ನು. 1978ರ ಅಣ್ವಸ್ತ್ರ ಪ್ರಸರಣ ನಿರೋಧ ಶಾಸನದ ಮುಖ್ಯ ಕರ್ತೃಗಳಲ್ಲಿ ಆತನೊಬ್ಬ. ಎಲ್ಲ ಅಣುಸ್ಥಾವರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸದ ರಾಷ್ಟ್ರಕ್ಕೆ ಇಂಧನವನ್ನು ಕೊಡಕೂಡದೆಂದು ಅದು ವಿಧಿಸಿತು. 1963ರ ಒಪ್ಪಂದದ ಪ್ರಕಾರ ನಮ್ಮ ತಾರಾಪುರಕ್ಕೆ ಬರಬೇಕಾಗಿದ್ದ ಯುರೇನಿಯಂ ಈ ತೊಡಕಿನಲ್ಲಿ ಸಿಕ್ಕಿಕೊಂಡಿತು. 1980ರಲ್ಲಿ ಅದರ ರವಾನೆಗೆ ಸೆನೆಟ್ಟು 48ಕ್ಕೆ 46ರಂತೆ ಒಪ್ಪಿತು. ಗ್ಲೆನ್ನನು ವಿರೋಧಿಗಳ ಮುಂದಾಳು. 1994ರ ತಿದ್ದುಪಡಿಯು ಇನ್ನೂ ಕಠಿಣವಾದುದು. ಅಣ್ವಸ್ತ್ರ ಪರೀಕ್ಷೆ ನಡೆದುದು ನಿರ್ಣಯವಾದೊಡನೆ ನಿರ್ಬಂಧಗಳು ಜಾರಿಯಾಗತಕ್ಕದ್ದು, ಅವನ್ನು ಮನ್ನಾ ಮಾಡುವ ವಿವೇಚನಾಧಿಕಾರ ಅಧ್ಯಕ್ಷನಿಗೂ ಇರಲಿಲ್ಲ. ವಿಮಾನಚಾಲಕನು ತನ್ನ ಪಟ್ಟಿಯಲ್ಲಿನ ವಿಧಿಗಳನ್ನು ಚಾಚೂ ತಪ್ಪದೆ ಪಾಲಿಸುವ ಅಭ್ಯಾಸವು ಇಲ್ಲಿ ಶಾಸನವಾಗಿದೆಯೆ? ಇದು ಕೇವಲ ನಮ್ಮ ಊಹೆ. ಭಾರತದ ಭದ್ರತೆಯ ಪ್ರಶ್ನೆಯನ್ನು ಆ ಶಾಸನವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದು ಮಾತ್ರ ಊಹೆಯಲ್ಲ.

1998ರ ಮೇ ತಿಂಗಳಿನಲ್ಲಿ ಶಾಸನವು ಜಾರಿಗೆ ಬಂದಿತು. ಅಕ್ಟೋಬರ್ 29ರಂದು, 77ನೆಯ ವಯಸ್ಸಿನಲ್ಲಿ, ಗ್ಲೆನ್ನನು ‘ಡಿಸ್ಕವರಿ’ ನೌಕೆಯಲ್ಲಿ ಮತ್ತೊಮ್ಮೆ ವ್ಯೋಮಕ್ಕೇರಿದನು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ದೊರೆಯುತ್ತಿದ್ದ ಅಮೆರಿಕದ ನೆರವು ಈ ನಿರ್ಬಂಧಗಳಿಂದ ನಿಂತುಹೋಗಿತ್ತು. ಉಳಿದ ಕೆಲಸವನ್ನು ನಮ್ಮ ಎಂಜಿನಿಯರುಗಳೇ ಪೂರೈಸಿದರು. 2001ರ ಜನವರಿ 4ರಂದು ಆ ವಿಮಾನವು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ನಿರ್ಬಂಧಗಳು ತೆರವಾದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.