ಚಳಿಗಾಲದಲ್ಲಿ ನಾಯಿ, ಬೆಕ್ಕುಗಳ ಮೈ ಆರೈಕೆ

ಡಿಸೆಂಬರ್–ಜನವರಿಯ ಒಣ ಚಳಿಯಲ್ಲಿ ಸಾಕುಪ್ರಾಣಿಗಳ ಚರ್ಮ, ಕೂದಲು, ಪಾದಗಳನ್ನು ಕಾಪಾಡುವ ಕ್ರಮ ಇಲ್ಲಿದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ನೇಸರಿಯ ಸುತ್ತ ಈ ತಿಂಗಳುಗಳು ಕಬ್ಬು ಕಡಿಯುವ ಹಂಗಾಮು. ಹೊಲದಲ್ಲಿ ಓಡಾಡಿ ಬಂದ ನಾಯಿಯ ಬೆರಳುಗಳ ನಡುವೆ ಹುಲ್ಲಿನ ಚೂಪು ಬೀಜ ಸಿಕ್ಕಿಕೊಂಡು ಒಳಸೇರಿದರೆ ಕೀವು ಕಟ್ಟುತ್ತದೆ. ಆದ್ದರಿಂದ ದಿನವೂ ಸಂಜೆ ಪಾದಗಳನ್ನು ಬಿಡಿಸಿ ನೋಡುವುದು ಸ್ನಾನಕ್ಕಿಂತ ಮುಖ್ಯ.

ಕರ್ನಾಟಕ–ಮಹಾರಾಷ್ಟ್ರ ಗಡಿಸೀಮೆಯ ಹೆಮ್ಮೆಯ ತಳಿ ಮುಧೋಳ ನಾಯಿ. ಮಹಾರಾಷ್ಟ್ರದಲ್ಲಿ ಇದಕ್ಕೆ ಕಾರವಾನ ಎಂದೂ ಹೆಸರು. 2005ರಲ್ಲಿ ಇದರ ಅಂಚೆಚೀಟಿ ಬಂತು. ಗಿಡ್ಡ ಕೂದಲು, ಕೊಬ್ಬಿಲ್ಲದ ತೆಳು ಮೈ ಇರುವುದರಿಂದ ಇದಕ್ಕೆ ಚಳಿ ಬೇಗ ತಾಗುತ್ತದೆ. ರಾತ್ರಿ ಗೋಣಿತಟ್ಟು ಅಥವಾ ಹಳೆಯ ಕಂಬಳಿಯ ಹಾಸು ಬೇಕೇ ಬೇಕು. ಸ್ನಾನ ಅಪರೂಪವಾಗಿರಲಿ, ಮಾಡಿಸಿದರೆ ಬಿಸಿಲೇರಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿಸಿ ಮೈ ಪೂರ್ತಿ ಒರೆಸಬೇಕು. ಮನುಷ್ಯರ ಸಾಬೂನು ಚರ್ಮದ ಜಿಡ್ಡು ತೆಗೆದು ಹೊಟ್ಟು ಏಳಿಸುತ್ತದೆ. ಉದ್ದಗೂದಲಿನ ತಳಿಗಳನ್ನು ಬೋಳಿಸಬಾರದು.

ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ. ಸ್ನಾನ ಸಾಮಾನ್ಯವಾಗಿ ಬೇಡ. ಪರ್ಷಿಯನ್‌ನಂಥ ಉದ್ದಗೂದಲಿನ ಬೆಕ್ಕಿಗೆ ಮಾತ್ರ ನಿತ್ಯ ಬಾಚಬೇಕು. ಗಂಟು ಬಿಡಿಸದೆ ನೀರು ಹಾಕಿದರೆ ಅದು ಇನ್ನೂ ಬಿಗಿಯುತ್ತದೆ. ಮುದಿ ಬೆಕ್ಕುಗಳಿಗೆ ಬೆನ್ನಿನ ಕೆಳಭಾಗ ಎಟುಕದು. ಅಲ್ಲಿ ಮೃದುವಾದ ಬ್ರಷ್ ಆಡಿಸಬೇಕು. ಉಣ್ಣಿಗೆಂದು ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ. ಅದು ನಡುಕ, ಸೆಳವು ತಂದು ಜೀವ ತೆಗೆಯಬಲ್ಲದು.