ಮೆರಿಯನ್, 10 ಜೂನ್ 1950: ಹೋಗನ್ ಆರಿಸಿದ ಐರನ್ ಯಾವುದು?

1. ವಿಷಯ

ಅಪ್ರೋಚ್ ಹೊಡೆತಕ್ಕೆ ಕ್ಲಬ್ ಆರಿಸುವ ಬಗೆಯನ್ನು ವಿವರಿಸುವಾಗ ಗಾಲ್ಫ್ ಬರಹಗಾರರು ಪದೇ ಪದೇ ಎತ್ತಿಕೊಳ್ಳುವ ಉದಾಹರಣೆಯೊಂದಿದೆ. 1950ರ ಯು.ಎಸ್. ಓಪನ್‌ನ ನಾಲ್ಕನೇ ಸುತ್ತಿನ ಕೊನೆಯ ಹೋಲ್‌ನಲ್ಲಿ ಬೆನ್ ಹೋಗನ್ ಗ್ರೀನ್‌ಗೆ ಮುಟ್ಟಿಸಿದ ಎರಡನೇ ಹೊಡೆತವದು. ಹೊಡೆದದ್ದು 1-ಐರನ್‌ನಿಂದ ಎಂದು ಆ ಜಾಗದಲ್ಲಿ ನೆಟ್ಟಿರುವ ಫಲಕ ಹೇಳುತ್ತದೆ. 2-ಐರನ್‌ನಿಂದ ಎಂದು ಹೋಗನ್ ಹೆಸರಿನಲ್ಲೇ 1957ರಲ್ಲಿ ಬಂದ ಪುಸ್ತಕ ಹೇಳುತ್ತದೆ. ಎರಡರ ನಡುವಿನ ಅಂತರ ಮೂರು ನಾಲ್ಕು ಡಿಗ್ರಿ ಲಾಫ್ಟ್, ಅಂದರೆ ಕ್ಲಬ್ ಮುಖದ ಓರೆಯಲ್ಲಿ ಅಷ್ಟು ವ್ಯತ್ಯಾಸ. ದೂರದಲ್ಲಿ ಸುಮಾರು ಹತ್ತು ಹದಿನೈದು ಗಜ. ಆಯ್ಕೆಯ ಉದಾಹರಣೆಯಾಗಿ ಈ ಹೊಡೆತವನ್ನು ಬಳಸುವವರಿಗೆ ಈ ಅಂತರ ಗೌಣವಲ್ಲ. ಲಭ್ಯ ಸಾಕ್ಷ್ಯಗಳಲ್ಲಿ ಯಾವುದು ಎಷ್ಟನ್ನು ಮಾತ್ರ ಸಾಬೀತುಪಡಿಸುತ್ತದೆ ಎಂಬುದನ್ನು ಬೇರ್ಪಡಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

2. ವಿವಾದವಿಲ್ಲದ ಸಂಗತಿಗಳು

ಸ್ಥಳ: ಪೆನ್ಸಿಲ್ವೇನಿಯಾದ ಆರ್ಡ್‌ಮೋರ್‌ನಲ್ಲಿರುವ ಮೆರಿಯನ್ ಗಾಲ್ಫ್ ಕ್ಲಬ್‌ನ ಈಸ್ಟ್ ಕೋರ್ಸ್. ದಿನ: ಶನಿವಾರ, 10 ಜೂನ್ 1950. ಅಂದಿನ ಪದ್ಧತಿಯಂತೆ ಮೂರನೇ ಮತ್ತು ನಾಲ್ಕನೇ ಸುತ್ತುಗಳನ್ನು, ಒಟ್ಟು 36 ಹೋಲ್‌ಗಳನ್ನು, ಒಂದೇ ದಿನ ಆಡಲಾಯಿತು. 2 ಫೆಬ್ರವರಿ 1949ರಂದು ಟೆಕ್ಸಸ್‌ನ ವ್ಯಾನ್ ಹಾರ್ನ್ ಬಳಿ ಹೋಗನ್ ಅವರ ಕಾರಿಗೆ ಬಸ್ ಢಿಕ್ಕಿ ಹೊಡೆದಿತ್ತು. ಅದಾಗಿ ಹದಿನಾರು ತಿಂಗಳು ಕಳೆದಿದ್ದವು.

ಹೋಗನ್ ಅವರ ಸುತ್ತುಗಳು 72, 69, 72, 74, ಒಟ್ಟು 287. ಅವರು 18ನೇ ಟೀಗೆ ಬರುವ ವೇಳೆಗೆ ಲಾಯ್ಡ್ ಮ್ಯಾಂಗ್ರಮ್ ಮತ್ತು ಜಾರ್ಜ್ ಫಾಜಿಯೊ 287ಕ್ಕೆ ಆಟ ಮುಗಿಸಿದ್ದರು. 15 ಮತ್ತು 17ನೇ ಹೋಲ್‌ಗಳಲ್ಲಿ ಬೋಗಿ ಮಾಡಿಕೊಂಡಿದ್ದ ಹೋಗನ್‌ಗೆ ಗೆಲ್ಲಲು ಬರ್ಡಿ, ಸಮ ಮಾಡಿಕೊಳ್ಳಲು ಪಾರ್ ಬೇಕಿತ್ತು. ಪಾರ್ ಸಿಕ್ಕಿತು. ಮರುದಿನದ ಪ್ಲೇಆಫ್‌ನಲ್ಲಿ ಹೋಗನ್ 69, ಮ್ಯಾಂಗ್ರಮ್ 73, ಫಾಜಿಯೊ 75.

3. ಸುತ್ತಿಗೆ ಮೊದಲೇ ಆದ ಆಯ್ಕೆ

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಗಮನ ತಪ್ಪುವ ಅಂಶವೊಂದಿದೆ. 1 ಜನವರಿ 1938ರಿಂದ ಜಾರಿಯಲ್ಲಿದ್ದ ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇಟ್ಟುಕೊಳ್ಳುವಂತಿಲ್ಲ. 1-ಐರನ್ ಇರಬೇಕೆಂದರೆ ಬೇರೊಂದು ಹೊರಗುಳಿಯಬೇಕು. ಮೆರಿಯನ್‌ನಲ್ಲಿ ಹೋಗನ್ 7-ಐರನ್ ಬಿಟ್ಟು ಆಡಿದರೆಂದೂ, ಆ ಕೋರ್ಸ್‌ನಲ್ಲಿ 7-ಐರನ್‌ನ ಹೊಡೆತವೇ ಬರುವುದಿಲ್ಲವೆಂದು ಕಾರಣ ಕೊಟ್ಟರೆಂದೂ ವ್ಯಾಪಕವಾಗಿ ದಾಖಲಾಗಿದೆ. ಮಾತಿನ ಒಕ್ಕಣೆ ವೃತ್ತಾಂತದಿಂದ ವೃತ್ತಾಂತಕ್ಕೆ ತುಸು ಬದಲಾಗುತ್ತದೆ, ಆಶಯ ಬದಲಾಗುವುದಿಲ್ಲ.

ಇದನ್ನು ಒಪ್ಪಿದರೆ, ಯಾವ ದೂರಗಳಿಂದ ಗ್ರೀನ್‌ಗೆ ಹೊಡೆಯಬೇಕಾದೀತು ಎಂದು ಹದಿನೆಂಟೂ ಹೋಲ್‌ಗಳನ್ನು ಮುಂಚಿತವಾಗಿ ಅಳೆದು, ಉದ್ದದ ಅಪ್ರೋಚ್‌ಗೆ ಒಂದು ಕ್ಲಬ್ ಹೆಚ್ಚು, ಮಧ್ಯಮ ದೂರಕ್ಕೆ ಒಂದು ಕಡಿಮೆ ಎಂದು ಅವರು ತೀರ್ಮಾನಿಸಿದ್ದರು ಎನ್ನಬಹುದು. 1-ಐರನ್ ಅಂದು ಚೀಲದಲ್ಲಿತ್ತು ಎಂಬುದಕ್ಕೆ ಇದು ಬೆಂಬಲ. ಆ ಹೊಡೆತಕ್ಕೆ ಅದನ್ನೇ ತೆಗೆದರು ಎಂಬುದಕ್ಕೆ ಅಲ್ಲ.

4. ದೂರ ಮತ್ತು ಪರ್ಯಾಯಗಳು

18ನೇ ಹೋಲ್ ಅಂದು 458 ಗಜದ ಪಾರ್-4. ಟೀ ಹೊಡೆತ ಹಳೆಯ ಕಲ್ಲುಗಣಿಯನ್ನು ದಾಟಿ ಬೀಳಬೇಕು. ಎರಡನೇ ಹೊಡೆತದ ದೂರವೆಂದು ಹೆಚ್ಚಾಗಿ ಉಲ್ಲೇಖವಾಗುವ ಅಂಕಿ 213 ಗಜ, ಅಂದರೆ ಸುಮಾರು 195 ಮೀಟರ್. ಇದನ್ನು ಹೋಲ್‌ನ ಉದ್ದದಿಂದ ಕಳೆದರೆ ಡ್ರೈವ್‌ಗೆ 245 ಗಜ ಉಳಿಯುತ್ತದೆ. ಆ ಕಾಲದ ಚೆಂಡು ಮತ್ತು ಮರದ ತಲೆಯ ಡ್ರೈವರ್‌ಗೆ ಇದು ಸಹಜವಾದ ದೂರ. ಆದರೆ 200, 220 ಎಂಬ ದುಂಡು ಅಂಕಿಗಳೂ ಬಳಕೆಯಲ್ಲಿವೆ. ಅಳತೆ ಗ್ರೀನ್‌ನ ಮುಂದಿನ ಅಂಚಿಗೋ, ನಡುವಿಗೋ, ಕುಳಿಗೋ ಎಂದು ಸ್ಪಷ್ಟಪಡಿಸದೆ ಇವನ್ನು ಹೋಲಿಸಲಾಗದು. ಗ್ರೀನ್‌ನ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಆಳವೊಂದೇ ಎರಡು ಕ್ಲಬ್‌ಗಳ ವ್ಯತ್ಯಾಸವನ್ನು ನುಂಗಿಬಿಡಬಲ್ಲದು.

ನಂತರದ ವೃತ್ತಾಂತಗಳಲ್ಲಿ ಹೋಗನ್ ಎದುರಿಗಿದ್ದ ಪರ್ಯಾಯ 2-ಐರನ್ ಅಲ್ಲ, 4-ವುಡ್. ಬರ್ಡಿಗಾಗಿ ಕುಳಿಯ ಹತ್ತಿರಕ್ಕೇ ಗುರಿಯಿಡುವುದಾದರೆ 4-ವುಡ್. ಗ್ರೀನ್‌ನ ಸುರಕ್ಷಿತ ಭಾಗ ಸೇರಿಸಿ ಎರಡು ಪಟ್‌ನಲ್ಲಿ ಪಾರ್ ಪಡೆಯುವುದಾದರೆ 1-ಐರನ್. ಹೊಡೆಯುವ ಮೊದಲು ಅವರು ಅಂದಿನ ಕನಿಷ್ಠ ಮೊತ್ತ ಎಷ್ಟೆಂದು ಕೇಳಿ ತಿಳಿದರೆಂಬ ಉಲ್ಲೇಖ ಈ ವಿವರಣೆಗೆ ಹೊಂದುತ್ತದೆ. ಕ್ಲಬ್ ನಿರ್ಧಾರವಾದದ್ದು ಬರೀ ಗಜಲೆಕ್ಕದಿಂದಲ್ಲ, ಬೇಕಿದ್ದ ಫಲಿತಾಂಶದಿಂದ ಎಂದಾಗುತ್ತದೆ. ಚೆಂಡು ನಿಂತದ್ದು ಕುಳಿಯಿಂದ ಸುಮಾರು 40 ಅಡಿ ದೂರದಲ್ಲಿ. ಸುರಕ್ಷಿತ ಗುರಿ ಎಂಬ ಊಹೆಗೆ ಈ ಫಲಿತಾಂಶ ವಿರುದ್ಧವಾಗಿಲ್ಲ. ಅದನ್ನು ಸಾಬೀತೂ ಮಾಡುವುದಿಲ್ಲ.

ಗಾಳಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಮೆರಿಯನ್‌ನ ಕೋಲುಗಳ ತುದಿಯಲ್ಲಿ ಬಾವುಟದ ಬದಲು ಹೆಣೆದ ಬುಟ್ಟಿ ಇರುತ್ತದೆ. ಬುಟ್ಟಿ ಗಾಳಿಗೆ ಹಾರುವುದಿಲ್ಲವಾದ್ದರಿಂದ ಅಲ್ಲಿ ಕ್ಲಬ್ ಆಯ್ಕೆ ಕಷ್ಟವೆಂಬ ಮಾತಿದೆ. ಅದನ್ನು 1950ಕ್ಕೆ ಅನ್ವಯಿಸಬಾರದು. ಆ ವರ್ಷದ ಓಪನ್‌ನಲ್ಲಿ ಮಾಮೂಲಿ ಬಾವುಟಗಳನ್ನೇ ಬಳಸಲಾಗಿತ್ತು.

5. ಸಾಕ್ಷ್ಯಗಳು

5.1 ಛಾಯಾಚಿತ್ರ. ಹೈ ಪೆಸ್ಕಿನ್ ತೆಗೆದದ್ದು. ಹೋಗನ್ ಬೆನ್ನ ಕಡೆಯಿಂದ, ಹೊಡೆತ ಮುಗಿದ ಭಂಗಿ. ಮುಂದೆ ಫೇರ್‌ವೇಯನ್ನು ಕಟ್ಟಿದಂತೆ ನಿಂತ ಜನ, ದೂರದಲ್ಲಿ ಗ್ರೀನ್. ನಿಂತ ಜಾಗಕ್ಕೂ ಗುರಿಯ ದಿಕ್ಕಿಗೂ ಇದು ಉತ್ತಮ ಸಾಕ್ಷ್ಯ. ಐರನ್‌ನ ಸಂಖ್ಯೆ ಇದರಿಂದ ತಿಳಿಯದು. ಚಿತ್ರದ ಶೀರ್ಷಿಕೆಯಾಗಿ ‘1-ಐರನ್’ ಎಂದು ಅಚ್ಚಾದಲ್ಲೆಲ್ಲ ಮಾಹಿತಿಯ ಮೂಲ ಚಿತ್ರವಲ್ಲ, ಶೀರ್ಷಿಕೆ ಬರೆದವರು.

5.2 ಪುಸ್ತಕ. ‘ಫೈವ್ ಲೆಸನ್ಸ್’ 1957ರ ಮಾರ್ಚ್‌ನಿಂದ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ನಲ್ಲಿ ಕಂತುಗಳಾಗಿ ಬಂದು ಅದೇ ವರ್ಷ ಪುಸ್ತಕವಾಯಿತು. ಬರವಣಿಗೆಯಲ್ಲಿ ನೆರವಾದವರು ಹರ್ಬರ್ಟ್ ವಾರೆನ್ ವಿಂಡ್, ಚಿತ್ರಗಳು ಆಂಟನಿ ರವಿಯೆಲ್ಲಿ ಅವರವು. ಆ ಹೊಡೆತ ಅಂದಿನ ಸ್ಫೂರ್ತಿಯಲ್ಲ, ಹನ್ನೆರಡನೇ ವಯಸ್ಸಿನಿಂದ ಮಾಡಿದ ಅಭ್ಯಾಸದ ಫಲ ಎಂಬುದು ಅಲ್ಲಿನ ವಾದ. ಕ್ಲಬ್‌ನ ಹೆಸರು ಬರುವುದು ಆ ವಾದದ ಮಧ್ಯೆ, ಹಾದುಹೋಗುವಂತೆ: ‘2-ಐರನ್’. ಆಟಗಾರನದೇ ಹೇಳಿಕೆ, ಘಟನೆಯಾಗಿ ಏಳು ವರ್ಷವೂ ಆಗಿರಲಿಲ್ಲ. ಇವೆರಡೂ ಇದರ ಬಲ. ವಾಕ್ಯದ ಗಮನ ಕ್ಲಬ್‌ನ ಮೇಲಿಲ್ಲ ಮತ್ತು ಪಠ್ಯ ಇನ್ನೊಬ್ಬರ ಕೈ ಹಾದು ಬಂದಿದೆ. ಇವು ಇದರ ದೌರ್ಬಲ್ಯ.

5.3 ಕ್ಲಬ್. ಹೋಗನ್ ಅವರ ಮ್ಯಾಕ್‌ಗ್ರೆಗರ್ 1-ಐರನ್ ಶನಿವಾರದ ಆಟದ ಬೆನ್ನಲ್ಲೇ ಕಳವಾಯಿತು; ಹಲವು ವೃತ್ತಾಂತಗಳ ಪ್ರಕಾರ ಜತೆಗೆ ಶೂಗಳೂ ಹೋದವು. ಭಾನುವಾರದ ಪ್ಲೇಆಫ್ ಅನ್ನು ಅವರು ಅದಿಲ್ಲದೆಯೇ ಗೆದ್ದರು. ಮೂರು ದಶಕಗಳ ನಂತರ, ಸಾಮಾನ್ಯವಾಗಿ ಕೊಡುವ ವರ್ಷ 1983, ಹಳೆಯ ಕ್ಲಬ್‌ಗಳ ಸಂಗ್ರಾಹಕರೊಬ್ಬರು ಕೊಂಡ ಮ್ಯಾಕ್‌ಗ್ರೆಗರ್ ಸೆಟ್‌ನಲ್ಲಿ ಉಳಿದವುಗಳೊಂದಿಗೆ ಹೊಂದದ 1-ಐರನ್ ಒಂದು ಸಿಕ್ಕಿತು. ಅದರ ಮುಖದಲ್ಲಿ ನಾಣ್ಯದಷ್ಟು ಅಗಲದ ಒಂದೇ ಜಾಗ ಸವೆದಿತ್ತು. ಚೆಂಡನ್ನು ಸದಾ ಅದೇ ಬಿಂದುವಿನಲ್ಲಿ ತಾಕಿಸಬಲ್ಲ ಕೈಯ ಗುರುತು ಅದು. ಆಟಗಾರ ಲ್ಯಾನಿ ವಾಡ್‌ಕಿನ್ಸ್ ಮೂಲಕ ಕ್ಲಬ್ ಹೋಗನ್ ಅವರನ್ನು ತಲುಪಿತು. ತನ್ನದೇ ಎಂದು ಅವರು ಗುರುತಿಸಿದ ನಂತರ ಅದು ಅಮೆರಿಕದ ಗಾಲ್ಫ್ ಸಂಸ್ಥೆಯಾದ ಯು.ಎಸ್.ಜಿ.ಎ.ಯ ವಸ್ತುಸಂಗ್ರಹಾಲಯ ಸೇರಿತು.

ಇಲ್ಲಿ ಎರಡು ಪ್ರತಿಪಾದನೆಗಳು ಬೆರೆತುಹೋಗಿವೆ. ಇದು 1950ರಲ್ಲಿ ಕಳವಾದ ಹೋಗನ್‌ರ 1-ಐರನ್ ಎಂಬುದು ಮೊದಲನೆಯದು; ಸವೆತ ಮತ್ತು ಮಾಲೀಕರ ಗುರುತಿಸುವಿಕೆ ಇದಕ್ಕೆ ಸಾಕು. 18ನೇ ಹೋಲ್‌ನ ಹೊಡೆತ ಇದರಿಂದಲೇ ಎಂಬುದು ಎರಡನೆಯದು. ಸವೆತ ಅದನ್ನು ಹೇಳಲಾರದು. ಹದಿನಾಲ್ಕರಲ್ಲಿ ಇದೊಂದನ್ನೇ ಕದ್ದದ್ದು ಜನ ಆಗತಾನೆ ಅದರ ಹೊಡೆತ ನೋಡಿದ್ದರಿಂದ ಎಂದು ಊಹಿಸಬಹುದು. ಊಹೆ ಆಕರ್ಷಕ, ಭಾರ ಹೊರುವಷ್ಟು ಗಟ್ಟಿಯಲ್ಲ.

5.4 ಫಲಕ. ದಿನಾಂಕ, ಹೆಸರು, 1-ಐರನ್ ಎಂಬ ಒಕ್ಕಣೆ. ಸ್ಮರಣೆಗಾಗಿ ನಂತರ ಇಟ್ಟದ್ದು. ಸ್ವತಂತ್ರ ಸಾಕ್ಷ್ಯವೆಂದು ಎಣಿಸಿಲ್ಲ.

6. ತೂಕ

ಮೇಲಿನವುಗಳಲ್ಲಿ 2-ಐರನ್ ಎನ್ನುವುದು ಒಂದೇ ಪಠ್ಯ. ಅದರ ಹಿಂದಿರುವವರು ಮಾತ್ರ ಸ್ವತಃ ಹೋಗನ್. 1-ಐರನ್ ಪರವಾಗಿ ಚೀಲದ ರಚನೆ, ದೂರ, 4-ವುಡ್‌ನೊಂದಿಗಿನ ತುಲನೆ ಮತ್ತು 1983ರಲ್ಲಿ ಹೋಗನ್ ಕ್ಲಬ್ ಗುರುತಿಸಿದ್ದು ಸೇರುತ್ತವೆ. ಪುಸ್ತಕದ ಹೇಳಿಕೆಯನ್ನು ನೆನಪಿನ ಅಥವಾ ಬರಹದ ಜಾರುವಿಕೆ ಎಂದು ವಿವರಿಸುವುದು ಸುಲಭ. 1-ಐರನ್ ಪರವಾದ ಅಷ್ಟೂ ಸಂಗತಿಗಳನ್ನು ಕಾಕತಾಳೀಯವೆನ್ನುವುದು ಕಷ್ಟ. ಆದ್ದರಿಂದ 1-ಐರನ್ ‘ಬಹಳ ಸಂಭಾವ್ಯ’ ಎನ್ನಬಹುದು. ‘ನಿರ್ವಿವಾದ’ ಎಂಬ ಪದಕ್ಕೆ ಆಧಾರ ಸಾಲದು. 1957ರ ಪುಸ್ತಕದ ಹೇಳಿಕೆಯನ್ನು ಪ್ರಸ್ತಾಪಿಸದೆ ಬಿಡುವುದೂ ಸರಿಯಲ್ಲ.

7. ಅನುಬಂಧ: 2013

ಯು.ಎಸ್. ಓಪನ್ ಮೆರಿಯನ್‌ಗೆ 2013ರಲ್ಲಿ ಮರಳಿದಾಗ ವಿಜೇತ ಜಸ್ಟಿನ್ ರೋಸ್ ಕೊನೆಯ ಹೋಲ್‌ನಲ್ಲಿ ಫಲಕದ ಸಮೀಪದಿಂದ 4-ಐರನ್ ಹೊಡೆದರು. ಇದನ್ನು ಹೋಗನ್‌ರ ಕ್ಲಬ್‌ನ ಪಕ್ಕದಲ್ಲಿಟ್ಟು ಮೂರು ಕ್ಲಬ್‌ಗಳ ಅಂತರವೆಂದು ಬರೆಯುವ ರೂಢಿ ಅಳತೆಯ ದೃಷ್ಟಿಯಿಂದ ದುರ್ಬಲ. ಐರನ್‌ಗಳ ಲಾಫ್ಟ್ ದಶಕಗಳಿಂದ ಇಳಿಯುತ್ತ ಬಂದಿದೆ. ಇಂದಿನ 4-ಐರನ್ ಆ ಕಾಲದ 2 ಅಥವಾ 3-ಐರನ್‌ನ ಆಸುಪಾಸಿನದು. ಚೆಂಡು ಬೇರೆ, ಹುಲ್ಲಿನ ಎತ್ತರ ಬೇರೆ. ಹೋಲ್‌ನ ಅಧಿಕೃತ ಉದ್ದವೂ 458ರಿಂದ 521 ಗಜಕ್ಕೆ ಏರಿತ್ತು. ಇದು ಡ್ರೈವ್‌ನ ಹೋಲಿಕೆಗೆ ಮುಖ್ಯ, ಎರಡನೇ ಹೊಡೆತದ ಹೋಲಿಕೆಗೆ ಅಷ್ಟಾಗಿ ಅಲ್ಲ.